ಕೋಟ್ನೀಸರು ಕಲಿತ ಭಾಷೆ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ನಮ್ಮ ಕರೂರಿನಲ್ಲಿ ಕನ್ನಡದ ಜೊತೆಗೆ ತೆಲುಗು ಕಲಿಯಲು ಯಾರೂ ಶಾಲೆಗೆ ಹೋಗಬೇಕಾಗಿಲ್ಲ. ಆಂಧ್ರದ ಗಡಿ ಹತ್ತಿರ. 1953ರವರೆಗೆ ಆದವಾನಿಯೂ ನಾವೂ ಒಂದೇ ಜಿಲ್ಲೆಯಲ್ಲಿದ್ದವರು. ಸಂತೆಯ ವ್ಯಾಪಾರ, ನೆಂಟಸ್ತಿಕೆ, ಗದ್ದೆಯ ಕೂಲಿ ಎಲ್ಲವೂ ಎರಡು ಭಾಷೆಗಳಲ್ಲಿ ನಡೆಯುತ್ತವೆ. ಇಷ್ಟಾದರೂ ಚೀನೀ ಭಾಷೆಯ ಮಾತು ಬಂದರೆ ಇದೇ ಊರು ಹುಬ್ಬೇರಿಸುತ್ತದೆ. ಪರಿಚಿತರೊಬ್ಬರ ಮಗ ಚೀನಾದ ವಿಶ್ವವಿದ್ಯಾಲಯವೊಂದರಲ್ಲಿ ವೈದ್ಯಕೀಯ ಓದುತ್ತಿದ್ದಾನೆ. ರಜೆಗೆ ಬಂದವನು ಹೇಳಿದ ಪ್ರಕಾರ, ಪಾಠಗಳೆಲ್ಲ ಇಂಗ್ಲಿಷಿನಲ್ಲೇ ನಡೆದರೂ ಮೊದಲ ವರ್ಷದಿಂದಲೇ ಪ್ರಾಥಮಿಕ ಚೀನೀ ಭಾಷೆಯ ತರಗತಿಗೆ ಕಡ್ಡಾಯವಾಗಿ ಕೂರಬೇಕು. ಅದು ದಂಡದ ಕೆಲಸವೆಂದು ಅವನ ತಂದೆಯ ಅಭಿಪ್ರಾಯ. ಊರಿಗೆ ಮರಳಿದ ಮೇಲೆ ಆ ಭಾಷೆಯನ್ನು ಯಾರ ಮುಂದೆ ಆಡುವುದು ಎಂಬುದು ಅವರ ವಾದ. ಎಂಬತ್ತರ ದಶಕದಲ್ಲಿ ದೆಹಲಿಯಲ್ಲಿ ಓದುವಾಗ ನಾನು ಒಂದು ವರ್ಷ ಚೀನೀ ಭಾಷೆಯ ಆರಂಭದ ತರಗತಿಗೆ ಹೋಗಿದ್ದೆನೆಂಬ ಕಾರಣಕ್ಕೆ ನನ್ನನ್ನು ಪಂಚಾಯಿತಿಗೆ ಕರೆದರು. ನಾನು ಡಾಕ್ಟರ್ ಕೋಟ್ನೀಸರ ಹೆಸರು ಹೇಳಿದೆ. ತಂದೆಗೆ ಹಳೆಯ ಹಿಂದಿ ಸಿನಿಮಾ ನೆನಪಾಯಿತು. ಮಗ ಆ ಹೆಸರನ್ನೇ ಕೇಳಿರಲಿಲ್ಲ.

ಅವನೊಬ್ಬನ ಮಾತಲ್ಲ ಇದು. ಕೋವಿಡ್ ಕಾಲದಲ್ಲಿ ಚೀನಾ ತನ್ನ ಗಡಿ ಮುಚ್ಚಿದಾಗ ಇಲ್ಲಿಯೇ ಉಳಿದುಹೋದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 23 ಸಾವಿರದಷ್ಟಿತ್ತು. ಅವರಲ್ಲಿ ಬಹುಪಾಲು ವೈದ್ಯಕೀಯ ಓದುತ್ತಿದ್ದವರು. ಇತ್ತ ನಮ್ಮ ದೇಶದಲ್ಲಿ, 2019ರ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡಿನಲ್ಲಿ ಶಾಲೆಗಳಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಉದಾಹರಣೆಯಾಗಿ ಚೀನೀ ಭಾಷೆಯ ಹೆಸರಿತ್ತು. 2020ರ ಜೂನ್‌ನಲ್ಲಿ ಗಾಲ್ವನ್ ಕಣಿವೆಯ ಘರ್ಷಣೆ ನಡೆಯಿತು. ಜುಲೈ ಕೊನೆಯಲ್ಲಿ ಹೊರಬಂದ ಅಂತಿಮ ನೀತಿಯಲ್ಲಿ ಕೊರಿಯನ್, ಜಪಾನಿ, ಥಾಯ್, ರಷ್ಯನ್ ಎಲ್ಲವೂ ಇದ್ದವು, ಚೀನೀ ಇರಲಿಲ್ಲ. ಸೈನಿಕರನ್ನು ಕಳೆದುಕೊಂಡ ದೇಶದ ಸಿಟ್ಟು ಅರ್ಥವಾಗುವಂಥದು. ಆದರೆ ನೆರೆಯವನ ಮೇಲೆ ಸಿಟ್ಟಿದ್ದಾಗಲೇ ಅವನ ಮಾತು ನಮಗೆ ಹೆಚ್ಚು ತಿಳಿಯಬೇಕಲ್ಲವೇ?

ನಮ್ಮ ಜಿಲ್ಲೆಯ ಮಟ್ಟಿಗಂತೂ ಈ ಮರೆವು ಹಳೆಯದು. 2003ರ ನಂತರದ ಏಳೆಂಟು ವರ್ಷ ಸಂಡೂರು, ಹೊಸಪೇಟೆಯ ಬೆಟ್ಟಗಳ ಕೆಂಪು ಮಣ್ಣು ಲಾರಿಗಳಲ್ಲಿ ಬಂದರು ಸೇರಿ ಚೀನಾದ ಉಕ್ಕಿನ ಕುಲುಮೆಗಳಿಗೆ ಹೋಯಿತು. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ಕಾಲದಲ್ಲಿ ಇಲ್ಲಿ ಹೆಲಿಕಾಪ್ಟರ್‌ಗಳು ಬಂದವು, ಅರಮನೆಯಂಥ ಮನೆಗಳು ಎದ್ದವು. ನಮ್ಮ ನೆಲವನ್ನೇ ಕೊಂಡ ಜನರ ಭಾಷೆಯ ನಾಲ್ಕು ಅಕ್ಷರ ಕಲಿಯಬೇಕೆಂದು ಮಾತ್ರ ಯಾರಿಗೂ ಅನ್ನಿಸಿದಂತೆ ಕಾಣಲಿಲ್ಲ.

ದ್ವಾರಕಾನಾಥ ಶಾಂತಾರಾಮ ಕೋಟ್ನೀಸರು ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದಲ್ಲಿ. ಕನ್ನಡ ಓದುಗರಿಗೆ ಅದು ಸಿದ್ಧರಾಮನ ಸೊನ್ನಲಿಗೆ. ಕೋಟ್ನೀಸರ ಮನೆಯ ಮಾತು ಮರಾಠಿ. ಆದರೆ ಆ ಊರು ಒಂದು ಭಾಷೆಯದಲ್ಲ; ಗಿರಣಿಗಳಲ್ಲಿ, ಮಗ್ಗದ ಕೇರಿಗಳಲ್ಲಿ, ಪೇಟೆಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಸೊಲ್ಲಾಪುರದ ಗಿರಣಿ ಕಾರ್ಮಿಕರು 1930ರ ಮೇ ತಿಂಗಳಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತು ಊರನ್ನೇ ಕೆಲವು ದಿನ ತಮ್ಮ ಕೈಯಲ್ಲಿಟ್ಟುಕೊಂಡದ್ದು, ಅಲ್ಲಿ ಸೈನಿಕ ಕಾನೂನು ಹೇರಿದ್ದು, 1931ರ ಜನವರಿಯಲ್ಲಿ ಮಲ್ಲಪ್ಪ ಧನಶೆಟ್ಟಿ ಮತ್ತು ಅವರ ಮೂವರು ಸಂಗಾತಿಗಳನ್ನು ಗಲ್ಲಿಗೇರಿಸಿದ್ದು ನಮ್ಮ ಸ್ವಾತಂತ್ರ್ಯ ಹೋರಾಟದ ದೊಡ್ಡ ಅಧ್ಯಾಯ. ಆಗ ಕೋಟ್ನೀಸರಿಗೆ ಇಪ್ಪತ್ತರ ಪ್ರಾಯ. ನಾಲ್ಕು ಭಾಷೆಗಳ ಗದ್ದಲದಲ್ಲಿ ಬೆಳೆದವನಿಗೆ ತಪ್ಪುತಪ್ಪಾಗಿ ಮಾತಾಡಲು ನಾಚಿಕೆ ಇರುವುದಿಲ್ಲ ಎಂಬುದು ಗಡಿ ಊರಿನವನಾದ ನನ್ನ ಅನುಭವ. ಅವರ ಮುಂದಿನ ಬದುಕನ್ನು ನೋಡುವಾಗ ಈ ಸೊಲ್ಲಾಪುರವನ್ನು ಮರೆಯಲು ನನ್ನಿಂದ ಆಗುವುದಿಲ್ಲ.

ಮುಂಬಯಿಯ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ ಅವರು ಪದವಿ ಪಡೆದರು. ಸ್ನಾತಕೋತ್ತರ ಓದಿನ ತಯಾರಿಯಲ್ಲಿದ್ದಾಗ, 1938ರಲ್ಲಿ, ಒಂದು ಕರೆ ಬಂತು. ಜಪಾನ್ ಹಿಂದಿನ ವರ್ಷ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧ ಆರಂಭಿಸಿತ್ತು. ಕಮ್ಯುನಿಸ್ಟ್ ಸೇನೆಯ ದಂಡನಾಯಕ ಜು ದೆ ವೈದ್ಯರನ್ನು ಕಳಿಸಿಕೊಡುವಂತೆ ಜವಾಹರಲಾಲ್ ನೆಹರೂ ಅವರನ್ನು ಕೇಳಿಕೊಂಡಿದ್ದರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ಜನರಲ್ಲಿ ಮನವಿ ಮಾಡಿದರು; 22 ಸಾವಿರ ರೂಪಾಯಿ ನಿಧಿ ಕೂಡಿತು. ತಾನೇ ಇನ್ನೊಬ್ಬರ ಆಳ್ವಿಕೆಯಲ್ಲಿದ್ದ ದೇಶ ಮತ್ತೊಂದು ದೇಶಕ್ಕೆ ಐವರು ವೈದ್ಯರನ್ನು ಕಳಿಸಿತು. ಅಲಹಾಬಾದಿನ ಎಂ. ಅಟಲ್ ತಂಡದ ನಾಯಕರು, ಸ್ಪೇನಿನ ಅಂತರ್ಯುದ್ಧದಲ್ಲಿ ಸೇವೆ ಮಾಡಿ ಬಂದಿದ್ದವರು. ನಾಗಪುರದ ಚೋಳ್ಕರ್, ಕಲ್ಕತ್ತೆಯ ಬಿ. ಕೆ. ಬಸು ಮತ್ತು ದೇಬೇಶ್ ಮುಖರ್ಜಿ, ಜೊತೆಗೆ ಸೊಲ್ಲಾಪುರದ ಕೋಟ್ನೀಸ್. 1938ರ ಸೆಪ್ಟೆಂಬರ್ 1ರಂದು ಮುಂಬಯಿಯಿಂದ ‘ರಾಜಪುತಾನಾ’ ಹಡಗು ಹೊರಟಿತು. ಬೀಳ್ಕೊಡಲು ಸರೋಜಿನಿ ನಾಯ್ಡು ಬಂದಿದ್ದರು.

ಕೋಟ್ನೀಸರಿಗೆ ಇಪ್ಪತ್ತೆಂಟು ತುಂಬಲು ಇನ್ನೂ ಕೆಲವು ವಾರಗಳಿದ್ದವು. ಹಡಗಿನಲ್ಲಿ ಅವರು ಒಂದು ಪುಸ್ತಕದಲ್ಲಿ ಪದಗಳನ್ನು ಬರೆದಿಟ್ಟುಕೊಳ್ಳತೊಡಗಿದರು. ವೈದ್ಯಕೀಯ ಪದವಿ ಮುಗಿಸಿದವರು ಮತ್ತೆ ಒಂದನೆಯ ತರಗತಿಗೆ ಇಳಿದರು ಎನ್ನಬಹುದು.

ಅಂದಿನ ಭಾರತದಲ್ಲಿ ಚೀನೀ ಭಾಷೆಯನ್ನು ಕ್ರಮವಾಗಿ ಕಲಿಯಬಹುದಾದ ಜಾಗಗಳು ಅತಿ ವಿರಳ. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ರವೀಂದ್ರನಾಥ ಠಾಕೂರರ ಆಸೆಯಂತೆ ‘ಚೀನಾ ಭವನ’ ಆರಂಭವಾಗಿದ್ದು 1937ರ ಏಪ್ರಿಲ್ 14ರಂದು, ಅಂದರೆ ಈ ಹಡಗು ಹೊರಡುವುದಕ್ಕೆ ಒಂದೂವರೆ ವರ್ಷ ಮೊದಲು. ಅದನ್ನು ಕಟ್ಟಿದವರು ತಾನ್ ಯುನ್‌ಷಾನ್ ಎಂಬ ಚೀನೀ ವಿದ್ವಾಂಸರು. 1927ರಲ್ಲಿ ಮಲಯದಲ್ಲಿ ಕವಿಯನ್ನು ಭೇಟಿಯಾಗಿ, ಮರುವರ್ಷ ಶಾಂತಿನಿಕೇತನಕ್ಕೆ ಬಂದವರು. ಕೋಟ್ನೀಸರು ಆ ಭವನದ ಮೆಟ್ಟಿಲು ಹತ್ತಿ ಭಾಷೆ ಕಲಿತವರಲ್ಲ. ಆದರೆ ಅದರ ಸ್ಥಾಪಕರೇ ಅವರಿಗೆ ಮೊದಲ ಪಾಠದಂತೆ ಒಂದು ಹೆಸರನ್ನು ಕೊಟ್ಟರು.

ಅದು ನಡೆದದ್ದು ಚೊಂಗ್‌ಕಿಂಗ್‌ನಲ್ಲಿ. ಸೆಪ್ಟೆಂಬರ್ ಮಧ್ಯದಲ್ಲಿ ತಂಡ ಗುವಾಂಗ್‌ಜೌ ತಲುಪಿದಾಗ ಸುನ್ ಯಾತ್‌ಸೇನರ ಪತ್ನಿ ಸೊಂಗ್ ಚಿಂಗ್‌ಲಿಂಗ್ ಸ್ವಾಗತಿಸಿದ್ದರು. ಅಲ್ಲಿಂದ ವೂಹಾನ್ ಕಡೆಗೆ ಹೋದರು. ಅಕ್ಟೋಬರಿನಲ್ಲಿ ಎರಡೂ ನಗರಗಳು ಜಪಾನೀಯರ ವಶವಾದವು. ತಂಡ ಯಾಂಗ್ಸೆ ನದಿಯ ಗುಂಟ ಮೇಲೆ ಸಾಗಿ ಯುದ್ಧಕಾಲದ ರಾಜಧಾನಿ ಚೊಂಗ್‌ಕಿಂಗ್ ಸೇರಿತು. ಅಲ್ಲಿದ್ದ ತಾನ್ ಯುನ್‌ಷಾನರು ಐವರ ಹೆಸರಿನ ಕೊನೆಗೂ ‘ಹುವಾ’ ಎಂಬ ಅಕ್ಷರ ಸೇರಿಸಿ ಚೀನೀ ಹೆಸರು ಕೊಟ್ಟರು. ಹುವಾ ಎಂದರೆ ಚೀನಾ. ಕೋಟ್ನೀಸರು ಕೆ ದಿಹುವಾ ಆದರು. ನಡುವಿನ ‘ದಿ’ ಒಂದು ಹೂಗಿಡದ ಹೆಸರು, ಪ್ರಾಚೀನ ಚೀನೀ ಕಾವ್ಯದ ಕಾಲದಿಂದ ಅದು ಒಡಹುಟ್ಟಿದವರ ಪ್ರೀತಿಗೆ ಸಂಕೇತ. ಕೇಳಲು ಕೋಟ್ನೀಸ್ ಎಂಬ ಶಬ್ದದ ನೆರಳು, ಓದಲು ಚೀನಾದ ಸೋದರನೆಂಬ ಧ್ವನಿ. ಚೀನೀ ಭಾಷೆಯಲ್ಲಿ ಪರದೇಶದ ಹೆಸರನ್ನು ಬರೆಯುವುದೆಂದರೆ ಹೀಗೆ ಅರ್ಥವನ್ನೂ ಆರಿಸುವುದು. ನನ್ನ ಮೇಷ್ಟ್ರು ತರಗತಿಯ ಮೊದಲ ವಾರ ನಮಗೂ ಹೆಸರು ಕೊಟ್ಟಿದ್ದರು. ಎಲ್ಲ ಚೀನೀ ತರಗತಿಗಳಲ್ಲಿ ಇದು ವಾಡಿಕೆ. ನನಗೆ ಬಂದ ಹೆಸರನ್ನು ಊರಿನಲ್ಲಿ ಹೇಳಿ ನಗೆಗೀಡಾದ ನೆನಪಿದೆ.

ಚೊಂಗ್‌ಕಿಂಗ್‌ನಲ್ಲಿರುವಾಗಲೇ ತಂದೆ ತೀರಿಕೊಂಡ ಸುದ್ದಿ ಕೋಟ್ನೀಸರಿಗೆ ತಲುಪಿತು. ತಿರುಗಿ ಹೋಗಲು ಯಾರ ಅಡ್ಡಿಯೂ ಇರುತ್ತಿರಲಿಲ್ಲ. ಅವರು ಹೋಗಲಿಲ್ಲ. 1939ರ ಫೆಬ್ರವರಿಯಲ್ಲಿ ಐವರೂ ಕಮ್ಯುನಿಸ್ಟರ ನೆಲೆಯಾದ ಯೆನಾನ್ ತಲುಪಿದರು. ಮಣ್ಣಿನ ಗುಡ್ಡಗಳನ್ನು ಕೊರೆದು ಮಾಡಿದ ಗುಹೆಗಳೇ ಅಲ್ಲಿ ಮನೆ, ಆಸ್ಪತ್ರೆ, ಶಾಲೆ. ಅದೇ ವರ್ಷ ಚೋಳ್ಕರ್ ಮತ್ತು ಮುಖರ್ಜಿ ಅನಾರೋಗ್ಯದಿಂದ ಭಾರತಕ್ಕೆ ಮರಳಿದರು. 1940ರಲ್ಲಿ ಅಟಲರೂ ಮರಳಿದರು. ಉಳಿದವರು ಬಸು ಮತ್ತು ಕೋಟ್ನೀಸ್.

ಇಲ್ಲಿ ಸ್ವಲ್ಪ ನಿಂತು, ಒಬ್ಬ ವೈದ್ಯ ಚೀನೀ ಭಾಷೆ ಕಲಿಯುವುದೆಂದರೆ ಏನೆಂದು ಹೇಳಬೇಕು. ನಾನು ಕಲಿತದ್ದು ಒಂದೇ ವರ್ಷ. ಆದರೂ ಮೊದಲ ವರ್ಷದ ಕಷ್ಟಗಳು ಎಲ್ಲರಿಗೂ ಒಂದೇ. ‘ಥಾಂಗ್’ ಎಂಬ ಒಂದು ಉಚ್ಚಾರವಿದೆ. ದನಿಯನ್ನು ಮೇಲೆಯೇ ಸಮವಾಗಿ ಹಿಡಿದರೆ ಅದು ಸಾರು. ಮೇಲಕ್ಕೆ ಏರಿಸಿದರೆ ಸಕ್ಕರೆ. ಇಳಿಸಿ ಏರಿಸಿದರೆ ಮಲಗು. ಜೋರಾಗಿ ಕೆಳಗಿಳಿಸಿದರೆ ಸುಡುವಷ್ಟು ಬಿಸಿ. ಗಾಯಾಳುವನ್ನು ಮಲಗಿಸಬೇಕಾದ ವೈದ್ಯನ ದನಿ ಜಾರಿದರೆ ಸಾರು ಬರುತ್ತದೆ. ಹೊಟ್ಟೆಗೆ ‘ತೂತ್ಸ’ ಎನ್ನುತ್ತಾರೆ, ಮೊಲಕ್ಕೆ ‘ಥೂತ್ಸ’. ಎರಡಕ್ಕೂ ಸ್ವರದ ಏರಿಳಿತ ಒಂದೇ, ವ್ಯತ್ಯಾಸವೆಲ್ಲ ಅಲ್ಪಪ್ರಾಣ, ಮಹಾಪ್ರಾಣದ್ದು. ಇಂಗ್ಲಿಷ್ ಮಾತೃಭಾಷೆಯವರಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಮೇಷ್ಟ್ರಿಗೆ ಸಾಕಾಗುತ್ತಿತ್ತು. ಕನ್ನಡ, ಮರಾಠಿ ಅಕ್ಷರಮಾಲೆ ಕಲಿತವನಿಗೆ ಅದು ತ ಮತ್ತು ಥ, ಅಷ್ಟೇ. ಬಳ್ಳಾರಿ ಸೀಮೆಯ ನಮ್ಮ ಆಡುಮಾತಿನಲ್ಲಿ ಮಹಾಪ್ರಾಣ ಹೆಚ್ಚಾಗಿ ಉದುರಿಹೋಗುತ್ತದೆ, ಕಥೆ ಕತಿಯಾಗುತ್ತದೆ. ಹೀಗಾಗಿ ನನಗೆ ಕಣ್ಣಿಗೆ ತಿಳಿದದ್ದು ನಾಲಿಗೆಗೆ ಬರಲು ತಡವಾಯಿತು. ಮರಾಠಿಯ ಕೋಟ್ನೀಸರಿಗೆ ಆ ತೊಂದರೆ ಇದ್ದಿರಲಾರದು.

ಬರಹದ್ದು ಬೇರೆಯೇ ಕಥೆ. ಇಂದಿನ ವಿದ್ಯಾರ್ಥಿಗೆ ಎರಡು ಊರುಗೋಲುಗಳಿವೆ: 1956ರಿಂದ ಸರಳಗೊಳಿಸಿದ ಲಿಪಿ, 1958ರಲ್ಲಿ ಜಾರಿಗೆ ಬಂದ ರೋಮನ್ ಅಕ್ಷರದ ‘ಪಿನ್‌ಯಿನ್’ ಉಚ್ಚಾರ ಪದ್ಧತಿ. ಕೋಟ್ನೀಸರ ಕಾಲಕ್ಕೆ ಎರಡೂ ಇರಲಿಲ್ಲ. ವೈದ್ಯಕ್ಕೆ ಸಂಬಂಧಿಸಿದ ‘ಯೀ’ ಎಂಬ ಅಕ್ಷರವನ್ನು ಇಂದು 7 ಗೆರೆಗಳಲ್ಲಿ ಬರೆಯುತ್ತಾರೆ. ಅವರು 18 ಗೆರೆಗಳಲ್ಲಿ ಬರೆಯಬೇಕಿತ್ತು. ವೈದ್ಯನಿಗೆ ಒಂದು ಸಹಾಯವೂ ಆ ಲಿಪಿಯಲ್ಲಿದೆ. ರೋಗ, ನೋವು, ಹುಣ್ಣು, ತುರಿಕೆ, ಮಲೇರಿಯಾ, ಈ ಎಲ್ಲ ಅಕ್ಷರಗಳಿಗೂ ಎಡಗಡೆ ಮತ್ತು ಮೇಲ್ಗಡೆ ಆವರಿಸಿದ ಒಂದೇ ಅಂಗವಿರುತ್ತದೆ. ಮಂಚದ ಮೇಲೆ ಬಿದ್ದುಕೊಂಡ ಮನುಷ್ಯನ ಚಿತ್ರದಿಂದ ಅದು ಹುಟ್ಟಿದೆ. ಆ ಅಂಗ ಕಂಡರೆ ಓದಲು ಬಾರದ ಅಕ್ಷರವೂ ಕಾಯಿಲೆಯದೆಂದು ಗೊತ್ತಾಗುತ್ತದೆ. ನನಗೆ ಇದು ಪಠ್ಯಪುಸ್ತಕದ ಸೋಜಿಗ. ಅವರಿಗೆ ದಿನದ ಕೆಲಸ.

1939ರ ಕೊನೆಯಲ್ಲಿ ಅವರು ಯೆನಾನ್ ಬಿಟ್ಟು ಷಾನ್ಸಿ ಪ್ರಾಂತದ ಯುದ್ಧಭೂಮಿಗೆ ಹೋದರು. ಜು ದೆ ಅವರ ಮುಖ್ಯ ಠಾಣ್ಯ ಅಲ್ಲಿತ್ತು. ಆ ನವೆಂಬರ್ 12ರಂದು ಕೆನಡಾದ ಪ್ರಖ್ಯಾತ ಶಸ್ತ್ರವೈದ್ಯ ನಾರ್ಮನ್ ಬೆಥ್ಯೂನ್ ರಕ್ತ ನಂಜಾಗಿ ತೀರಿಕೊಂಡಿದ್ದರು. ಇಬ್ಬರೂ ಭೇಟಿಯಾಗಲೇ ಇಲ್ಲ. ಬೆಥ್ಯೂನರ ಜಾಗವನ್ನು ಕೋಟ್ನೀಸರು ತುಂಬಿದರೆಂದು ಎಲ್ಲ ಜೀವನಚಿತ್ರಗಳೂ ಹೇಳುತ್ತವೆ. ಒಂದು ವ್ಯತ್ಯಾಸವನ್ನು ಅವು ಒತ್ತಿ ಹೇಳುವುದಿಲ್ಲ. ಬೆಥ್ಯೂನರು ಚೀನಾದಲ್ಲಿದ್ದ ಎರಡು ವರ್ಷಕ್ಕೂ ಕಡಿಮೆ ಕಾಲ ದುಭಾಷಿಯ ಮೂಲಕ ಕೆಲಸ ಮಾಡಿದರು. ಅವರ ಹಿರಿಮೆಗೆ ಇದರಿಂದ ಕುಂದಿಲ್ಲ. ಗುಂಡು ತೆಗೆಯಲು ವ್ಯಾಕರಣ ಬೇಕಿಲ್ಲ. ಆದರೆ ಗುಂಡು ತೆಗೆದ ಮೇಲೆ ಗಾಯಾಳು ರಾತ್ರಿ ಏನು ಕೇಳಿದ, ದಾದಿಗೆ ಏನು ಹೇಳಬೇಕು, ನಾಳೆ ತಾನಿಲ್ಲದಿದ್ದರೆ ಹಳ್ಳಿಯ ಹುಡುಗ ಪಟ್ಟಿಯನ್ನು ಹೇಗೆ ಕಟ್ಟಬೇಕು, ಇದಕ್ಕೆಲ್ಲ ಭಾಷೆ ಬೇಕು.

1940ರಲ್ಲಿ ಬಸು ಮತ್ತು ಕೋಟ್ನೀಸರು ಜಪಾನೀ ಸೇನೆಯ ಹಿಂಬದಿಯಲ್ಲಿದ್ದ ಷಾನ್ಸಿ, ಚಾಹಾರ್, ಹೆಬೈ ಗಡಿ ಪ್ರದೇಶಕ್ಕೆ ಹೋದರು. ನಿಯೆ ರೊಂಗ್‌ಜೆನ್ ಅಲ್ಲಿನ ಸೇನಾಪತಿ. ಆಸ್ಪತ್ರೆ ಎಂದರೆ ರೈತರ ಮನೆಗಳು. ಜಪಾನೀಯರು ಹಳ್ಳಿ ಸುಡಲು ಬಂದಾಗ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ಗುಡ್ಡ ಹತ್ತಬೇಕು. ಆ ವರ್ಷದ ದೊಡ್ಡ ಕಾಳಗವೊಂದರಲ್ಲಿ ಕೋಟ್ನೀಸರು ನಿದ್ದೆಯಿಲ್ಲದೆ 72 ಗಂಟೆ ಶಸ್ತ್ರಚಿಕಿತ್ಸೆ ನಡೆಸಿದರು, 800ಕ್ಕೂ ಹೆಚ್ಚು ಗಾಯಾಳುಗಳಿಗೆ ಚಿಕಿತ್ಸೆ ನೀಡಿದರು. 1941ರ ಜನವರಿಯಲ್ಲಿ ಅವರನ್ನು ಬೆಥ್ಯೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರನ್ನಾಗಿ ನೇಮಿಸಿದರು. ಜೊತೆಗಿದ್ದ ಬೆಥ್ಯೂನ್ ವೈದ್ಯಕೀಯ ಶಾಲೆಯಲ್ಲಿ ಅವರೇ ಶಸ್ತ್ರಚಿಕಿತ್ಸೆಯ ಅಧ್ಯಾಪಕರು.

ನನ್ನ ದೃಷ್ಟಿಯಲ್ಲಿ ಅವರ ಬದುಕಿನ ದೊಡ್ಡ ಸಂಗತಿ ಇದು. 72 ಗಂಟೆಗಳ ಕಥೆ ಕೇಳಿದವರು ತಲೆದೂಗುತ್ತಾರೆ; ಅದು ಶರೀರದ ತ್ರಾಣ, ಮನಸ್ಸಿನ ಛಲ. ಆದರೆ ಇಂಗ್ಲಿಷಿನಲ್ಲಿ ವೈದ್ಯಕೀಯ ಓದಿದ ಮನುಷ್ಯ, ಮೂವತ್ತರ ಹೊಸ್ತಿಲಲ್ಲಿ ಮೊದಲ ಬಾರಿ ಕೇಳಿದ ಭಾಷೆಯಲ್ಲಿ, ಎರಡೇ ವರ್ಷಗಳ ಒಳಗೆ ಶಸ್ತ್ರಚಿಕಿತ್ಸೆಯ ಪಾಠ ಹೇಳಲು ನಿಂತದ್ದು? ಎದುರಿಗೆ ಕುಳಿತವರಲ್ಲಿ ಹೆಚ್ಚಿನವರು ಅಲ್ಪಸ್ವಲ್ಪ ಓದಿದ ಹಳ್ಳಿಯ ಹುಡುಗರು. ಅವರಿಗೆ ಇಂಗ್ಲಿಷ್ ಕಲಿಸಿ ಆಮೇಲೆ ವೈದ್ಯ ಕಲಿಸೋಣವೆಂದು ಕಾಯಲು ಯುದ್ಧ ಬಿಡುವುದಿಲ್ಲ. ಯಾರು ಕೆಳಗಿಳಿದು ಇನ್ನೊಬ್ಬರ ಭಾಷೆಗೆ ಬರಬೇಕು ಎಂಬ ಪ್ರಶ್ನೆಗೆ ಕೋಟ್ನೀಸರು ತಮ್ಮ ಕಡೆಯಿಂದಲೇ ಉತ್ತರ ಕೊಟ್ಟರು. ಕನ್ನಡದಲ್ಲಿ ಆರೋಗ್ಯ ಸಾಹಿತ್ಯಕ್ಕೆ ಕೊರತೆಯಿಲ್ಲ. ಅನುಪಮಾ ನಿರಂಜನರ ಪುಸ್ತಕಗಳನ್ನು ಓದದ ಮನೆಗಳು ಒಂದು ಕಾಲದಲ್ಲಿ ಕಡಿಮೆ. ಆದರೆ ಶಸ್ತ್ರಚಿಕಿತ್ಸೆಯನ್ನು ಕನ್ನಡದಲ್ಲಿ ಕಲಿಸಬಹುದೆಂದು ನಮ್ಮ ಎಷ್ಟು ಮಂದಿ ವೈದ್ಯರು, ಇದೇ ನೆಲದಲ್ಲಿ ಹುಟ್ಟಿ ಬೆಳೆದವರು, ನಂಬಿದ್ದಾರೆ? ನಮ್ಮ ವೈದ್ಯಕೀಯ ಕಾಲೇಜುಗಳ 2019ರ ಹೊಸ ಪಠ್ಯಕ್ರಮದಲ್ಲಿ ಸ್ಥಳೀಯ ಭಾಷೆಯ ಪಾಠ ಆರಂಭದ ವಾರಗಳಲ್ಲೇ ಸೇರಿತು. ಒಳ್ಳೆಯದೇ. ಒಂದೆರಡು ತಿಂಗಳ ವಿಧಿಯಾಗಿ ಅದು ಮುಗಿದುಹೋದರೆ ಪ್ರಯೋಜನವಿಲ್ಲ.

ಭಾಷೆಯೇ ಅವರಿಗೆ ಸಂಸಾರವನ್ನೂ ತಂದುಕೊಟ್ಟಿತು. ಬೆಥ್ಯೂನರ ಸಮಾಧಿಯ ಉದ್ಘಾಟನೆಯ ದಿನ ಗುವೊ ಚಿಂಗ್‌ಲಾನ್ ಎಂಬ ದಾದಿ ಅವರನ್ನು ಮೊದಲು ಕಂಡರು. ಈ ಭಾರತೀಯ ವೈದ್ಯ ಚೀನೀ ಭಾಷೆಯಲ್ಲಿ ಮಾತಾಡುವುದನ್ನು, ಸ್ವಲ್ಪ ಬರೆಯುವುದನ್ನೂ ಕಂಡು ಆಕೆ ಬೆರಗಾದರು. ಮುಂದೆ ಕೋಟ್ನೀಸರ ಜೊತೆಗಿನ ಬದುಕನ್ನು ಆಕೆಯೇ ಪುಸ್ತಕವಾಗಿ ಬರೆದರು. 1941ರ ಕೊನೆಯಲ್ಲಿ ಅವರ ಮದುವೆಯಾಯಿತು. 1942ರ ಆಗಸ್ಟ್‌ನಲ್ಲಿ ಹುಟ್ಟಿದ ಮಗನಿಗೆ ಯಿನ್‌ಹುವಾ ಎಂದು ಹೆಸರಿಟ್ಟವರು ಸೇನಾಪತಿ ನಿಯೆ. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಅದೇ ವರ್ಷ ಕೋಟ್ನೀಸರು ಚೀನಾದ ಕಮ್ಯುನಿಸ್ಟ್ ಪಕ್ಷವನ್ನು ಸೇರಿದ್ದರು. ಈ ಕಡೆಯ ಸಂಗತಿಯನ್ನು ನಮ್ಮಲ್ಲಿ ಕೆಲವರು ಮರೆಮಾಚುತ್ತಾರೆ, ಇನ್ನು ಕೆಲವರಿಗೆ ಅದೊಂದೇ ಸಾಕಾಗುತ್ತದೆ. ಎರಡೂ ಅವರಿಗೆ ನ್ಯಾಯವಲ್ಲ. ಯುದ್ಧದ ನಾಲ್ಕು ವರ್ಷ ಯಾರ ಜೊತೆ ಉಂಡರೋ ಯಾರ ಗಾಯ ಕಟ್ಟಿದರೋ ಅವರ ಪಕ್ಷವನ್ನು ಅವರು ಸೇರಿದರು. ಆ ಪಕ್ಷ ಮುಂದೆ ಅಧಿಕಾರಕ್ಕೆ ಬಂದು ಏನೇನು ಮಾಡಿತೆಂಬುದನ್ನು ನೋಡಲು ಅವರು ಇರಲಿಲ್ಲ.

ಕೋಟ್ನೀಸರನ್ನು ಅಪಸ್ಮಾರ ಬಾಧಿಸುತ್ತಿತ್ತು. ಹಸಿವು, ಚಳಿ, ನಿದ್ದೆಗೇಡು ಅದನ್ನು ಹೆಚ್ಚಿಸಿದವು. ಶಾಲೆಯ ವಿದ್ಯಾರ್ಥಿಗಳಿಗಾಗಿ ಅವರು ಶಸ್ತ್ರಚಿಕಿತ್ಸೆಯ ಪಠ್ಯವೊಂದನ್ನು ಸಿದ್ಧಪಡಿಸುತ್ತಿದ್ದರು. 1942ರ ಡಿಸೆಂಬರ್ 8ರಂದು ಆ ಬರವಣಿಗೆಯ ನಡುವೆ ಮೂರ್ಛೆ ಬಂತು. ಒಂದರ ಮೇಲೊಂದು ಬರುತ್ತಲೇ ಹೋಯಿತು. ಡಿಸೆಂಬರ್ 9ರ ಬೆಳಗಿನ ಜಾವ ತೀರಿಕೊಂಡರು. ವಯಸ್ಸು 32. ಮಗನಿಗೆ ಮೂರೂವರೆ ತಿಂಗಳು. ಮಾವೋ ಮತ್ತು ಜು ದೆ ಶೋಕ ಸಂದೇಶ ಕಳಿಸಿದರು. ಜೊತೆಗೆ ಬಂದವರಲ್ಲಿ ಕೊನೆಯವರಾದ ಬಸು 1943ರಲ್ಲಿ ಭಾರತಕ್ಕೆ ಹಿಂದಿರುಗಿದರು.

1946ರಲ್ಲಿ ವಿ. ಶಾಂತಾರಾಂ ತಯಾರಿಸಿದ ‘ಡಾ. ಕೋಟ್ನೀಸ್ ಕಿ ಅಮರ್ ಕಹಾನಿ’ ಚಿತ್ರ ಅವರ ಹೆಸರನ್ನು ದೇಶದಲ್ಲೆಲ್ಲ ಹರಡಿತು. ಖ್ವಾಜಾ ಅಹ್ಮದ್ ಅಬ್ಬಾಸರ ಪುಸ್ತಕವೇ ಅದಕ್ಕೆ ಆಧಾರ. ನಾಯಕನ ಪಾತ್ರವನ್ನು ನಿರ್ದೇಶಕರೇ ಮಾಡಿದರು, ನಾಯಕಿ ಜಯಶ್ರೀ. ಒಳ್ಳೆಯ ಚಿತ್ರ, ನಾನು ಎರಡು ಸಲ ನೋಡಿದ್ದೇನೆ. ಆದರೆ ಅದರಲ್ಲಿ ಚೀನೀ ರೈತರು, ಚೀನೀ ಸೈನಿಕರು, ಚೀನೀ ಹೆಂಡತಿ ಎಲ್ಲರೂ ಸರಾಗ ಹಿಂದಿ ಮಾತಾಡುತ್ತಾರೆ. ಕೋಟ್ನೀಸರು ಒಂದು ಪದ ಕಲಿಯುವ ಅಗತ್ಯವೂ ಬೀಳುವುದಿಲ್ಲ. ಸಾವಿಗೂ ಚಿತ್ರ ಬೇರೆ ಕಾರಣ ಹುಡುಕಿತು. ಪ್ಲೇಗ್ ವಿರುದ್ಧ ಹೋರಾಡುತ್ತಾ ಪ್ಲೇಗಿಗೇ ಬಲಿಯಾಗುವಂತೆ ತೋರಿಸಿತು. ಸಿನಿಮಾಕ್ಕೆ ಅದು ಒಪ್ಪುತ್ತದೆ. ಮೇಜಿನ ಮುಂದೆ ಕುಳಿತು, ಪರಭಾಷೆಯ ವಿದ್ಯಾರ್ಥಿಗಳಿಗೆ ಪಠ್ಯ ಬರೆಯುತ್ತ ಕುಸಿಯುವ ಮನುಷ್ಯನನ್ನು ತೆರೆಯ ಮೇಲೆ ತೋರಿಸುವುದು ಕಷ್ಟ. ತ್ಯಾಗಕ್ಕೆ ನಮ್ಮಲ್ಲಿ ಹಾರಗಳಿವೆ, ಕಲಿಕೆಗೆ ಇಲ್ಲ. ಈ ಚಿತ್ರದಿಂದಾಗಿಯೇ ಕೋಟ್ನೀಸರು ನಮಗೆ ಹುತಾತ್ಮರಾಗಿ ನೆನಪಿದ್ದಾರೆಯೇ ಹೊರತು ವಿದ್ಯಾರ್ಥಿಯಾಗಿ ಅಲ್ಲ ಎಂದು ನನ್ನ ಗುಮಾನಿ.

ಆಮೇಲಿನದನ್ನು ಚುಟುಕಾಗಿ ಹೇಳಬಹುದು. ಮಗ ಯಿನ್‌ಹುವಾ ತಂದೆಯಂತೆ ವೈದ್ಯಕೀಯವನ್ನೇ ಓದುತ್ತಿದ್ದಾಗ 1967ರಲ್ಲಿ ತೀರಿಕೊಂಡರು. ಗುವೊ ಚಿಂಗ್‌ಲಾನ್ ಹಲವು ಸಲ ಭಾರತಕ್ಕೆ ಬಂದುಹೋದರು, 2012ರಲ್ಲಿ ನಿಧನರಾದರು. 1962ರ ಯುದ್ಧ ಎರಡು ದೇಶಗಳ ನಡುವಿನ ಎಲ್ಲವನ್ನೂ ಮುರಿದರೂ ಈ ಒಂದು ಹೆಸರನ್ನು ಮುರಿಯಲಾಗಲಿಲ್ಲ. ಚೀನಾ 1982ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು, ಭಾರತ 1993ರಲ್ಲಿ. 2006ರಲ್ಲಿ ಹು ಜಿಂತಾವೋ, 2013ರಲ್ಲಿ ಲಿ ಕೆಚಿಯಾಂಗ್ ಮುಂಬಯಿಗೆ ಬಂದಾಗ ಕೋಟ್ನೀಸರ ಕುಟುಂಬದವರನ್ನು ಕಂಡೇ ಹೋದರು. ಅದರಲ್ಲಿ ರಾಜತಂತ್ರ ಎಷ್ಟು, ಕೃತಜ್ಞತೆ ಎಷ್ಟು ಎಂದು ಅಳೆಯುವವರು ಅಳೆಯಲಿ.

ಗಾಲ್ವನ್ ನಂತರ ಚೀನೀ ಭಾಷೆಯ ತರಗತಿಗೆ ಸೇರುವ ಹುಡುಗ ಹುಡುಗಿಯರನ್ನು ನಾವು ಸಂಶಯದಿಂದ ನೋಡುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಗಡಿಯಲ್ಲಿ ನಿಂತು ಎದುರಿನವರ ಮಾತು ಕೇಳಬೇಕಾದ ಸೈನಿಕನಿಗೆ, ಗುತ್ತಿಗೆಯ ಪತ್ರ ಓದಬೇಕಾದ ವ್ಯಾಪಾರಿಗೆ, ಶತ್ರುವೋ ಮಿತ್ರನೋ ಎಂದು ತೀರ್ಮಾನಿಸಬೇಕಾದ ರಾಜತಂತ್ರಜ್ಞನಿಗೆ ಬೇಕಾದ ವಿದ್ಯೆ ಅದು. ಚೀನಾದ ಆಸ್ಪತ್ರೆಯಲ್ಲಿ ಮುದುಕಿಯೊಬ್ಬಳ ಹೊಟ್ಟೆ ಮುಟ್ಟಿ ಎಲ್ಲಿ ನೋವೆಂದು ಕೇಳಬೇಕಾದ ನಮ್ಮ ಹುಡುಗನಿಗಂತೂ ಅದು ವೈದ್ಯದ ಒಂದು ಭಾಗವೇ. ಹಾಗೆ ಕೇಳಲು ಕಲಿತವನು ಊರಿಗೆ ಮರಳಿ ಕನ್ನಡದಲ್ಲಿ, ತೆಲುಗಿನಲ್ಲಿ ಕೇಳುವಾಗಲೂ ಸ್ವಲ್ಪ ತಾಳ್ಮೆಯಿಂದ ಕೇಳುತ್ತಾನೆಂದು ಅವನ ತಂದೆಗೆ ನಾನು ಹೇಳಿದೆ. ಅವರು ಒಪ್ಪಿದರೆಂದು ಹೇಳಲಾರೆ.

ಕೋಟ್ನೀಸರನ್ನು ಮೊದಲು ಹಳ್ಳಿಯಲ್ಲಿ ಮಣ್ಣು ಮಾಡಿದ್ದರು. ನಂತರ ಅವರ ಅವಶೇಷಗಳನ್ನು ಹೆಬೈ ಪ್ರಾಂತದ ಷಿಜಿಯಾಜುವಾಂಗ್ ನಗರದ ಹುತಾತ್ಮರ ಉದ್ಯಾನಕ್ಕೆ ತಂದರು. ಬೆಥ್ಯೂನರ ಸಮಾಧಿಯೂ ಅಲ್ಲಿಯೇ ಇದೆ. ಪಕ್ಕದಲ್ಲೊಂದು ಚಿಕ್ಕ ವಸ್ತುಸಂಗ್ರಹಾಲಯ. ಆ ಕಾಲದ ಶಸ್ತ್ರಚಿಕಿತ್ಸೆಯ ಉಪಕರಣಗಳೂ ಹಳೆಯ ಛಾಯಾಚಿತ್ರಗಳೂ ಅಲ್ಲಿವೆ. ಅವುಗಳ ಜೊತೆಗೆ, ಭಾರತದಿಂದ ಚೀನಾಕ್ಕೆ ಹೋಗುವ ಹಡಗಿನಲ್ಲಿ ಕುಳಿತು ಕೋಟ್ನೀಸರು ಕೈಯಾರೆ ಬರೆದುಕೊಂಡ ಪದಗಳ ಪುಸ್ತಕವನ್ನೂ ಇಟ್ಟಿದ್ದಾರೆ.